ಅಕ್ಷರ ಬಿಲ್ಲೆ: ಮೂರನೇ ತರಗತಿಗಾಗಿ ಒಂದು ವೆಬ್ ಪುಟ ಕಟ್ಟಿದ ದಿನಚರಿ

ಶಿಕ್ಷಕ ತರಬೇತಿಯಲ್ಲಿ ನಮಗೊಂದು ಕೆಲಸ ಕೊಟ್ಟಿದ್ದರು. ಬೋಧನಾಭ್ಯಾಸಕ್ಕೆ ಹೋಗುವ ತರಗತಿಗೆ ವೆಬ್ ತಂತ್ರಜ್ಞಾನ ಬಳಸಿ ಒಂದು ಕಲಿಕಾ ಸಾಧನ ಮಾಡಬೇಕು. ಸ್ಲೈಡ್ ಆದರೂ ಸರಿ, ಕ್ವಿಜ್ ಆದರೂ ಸರಿ, ಪುಟ ಆದರೂ ಸರಿ. ನನಗೆ ಬಂದದ್ದು ಮೂರನೇ ತರಗತಿ, ಕನ್ನಡ. ಪಾಠ ಒತ್ತಕ್ಷರ.

ಅದಕ್ಕೂ ಮುಂಚೆ ಎರಡು ದಿನ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೆ. ಹೆಚ್ಚಿನ ಮಕ್ಕಳು ಕಾಗುಣಿತವನ್ನು ಸಲೀಸಾಗಿ ಓದುತ್ತಾರೆ. ಒತ್ತು ಬಂದ ಕಡೆ ನಿಲ್ಲುತ್ತಾರೆ. ‘ಪುಸ್ತಕ’ವನ್ನು ‘ಪುಸತಕ’ ಎಂದು ಓದಿದವರು ಇದ್ದರು. ಕೆಳಗಿನ ಒತ್ತು ಕಣ್ಣಿಗೆ ಬಿದ್ದರೂ ಅದು ಯಾವ ಅಕ್ಷರದ ಜೊತೆ ಹೋಗಬೇಕು ಎಂದು ತಿಳಿಯದೆ ಬಿಟ್ಟುಬಿಟ್ಟವರೂ ಇದ್ದರು.

ಆಗ ಒಂದು ಯೋಚನೆ ಬಂತು. ಪರದೆಯ ಮೇಲೆ ಒಂದು ಪದ ಬಿಲ್ಲೆಗಳಾಗಿ ಬಿಡಿಬಿಡಿಯಾಗಿ ಬರಬೇಕು, ಅವು ಅದಲುಬದಲಾಗಿರಬೇಕು. ಮಗು ಪದವನ್ನು ಕೇಳಿಸಿಕೊಂಡು ಬಿಲ್ಲೆಗಳನ್ನು ಸರಿಯಾದ ಸಾಲಿನಲ್ಲಿ ಮುಟ್ಟಬೇಕು. ಒತ್ತಕ್ಷರ ಇಡಿಯಾಗಿ ಒಂದೇ ಬಿಲ್ಲೆಯಲ್ಲಿ ಇರಬೇಕು. ‘ಪುಸ್ತಕ’ ಎಂದರೆ ಪು, ಸ್ತ, ಕ. ಮೂರೇ ಬಿಲ್ಲೆ. ಇಷ್ಟೇ ಆಟ.

ಮೊದಲು ಸಿದ್ಧವಾಗಿ ಸಿಗುವ ಪದಬಂಧದ ಸಾಧನಗಳನ್ನು ನೋಡಿದೆ. ಒಂದರಲ್ಲಿ ‘ಪುಸ್ತಕ’ ಹಾಕಿದೆ. ಆರು ಬಿಲ್ಲೆ ಬಂದವು. ಪ ಒಂದು, ಕೊಂಬು ಒಂದು, ಸ ಒಂದು, ವ್ಯಂಜನದ ಒಳಗಿನ ‘ಅ’ ತೆಗೆಯುವ ಹಲಂತದ ಗುರುತು ಒಂದು, ತ ಒಂದು, ಕ ಒಂದು. ಕೊಂಬು ಮತ್ತು ಹಲಂತ ಚುಕ್ಕೆಚುಕ್ಕೆಯ ಒಂದು ವೃತ್ತಕ್ಕೆ ಅಂಟಿಕೊಂಡು ಕೂತಿದ್ದವು. ಇದನ್ನು ಎಂಟು ವರ್ಷದ ಮಗುವಿನ ಮುಂದೆ ಇಡಲು ಸಾಧ್ಯವೇ ಇಲ್ಲ. ಅವತ್ತೇ ತೀರ್ಮಾನ ಮಾಡಿದೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್, ಅಂದರೆ ವೆಬ್ ಪುಟ ಕಟ್ಟುವ ಭಾಷೆಗಳನ್ನು ಕಲಿತು ನಾನೇ ಕಟ್ಟುತ್ತೇನೆ.

ಮೊದಲ ಸಂಜೆ: ಪುಟ ತೆರೆಯಿತು, ಕನ್ನಡ ಬರಲಿಲ್ಲ

ಪುಟದ ಅಸ್ಥಿಪಂಜರ ಬರೆಯಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಒಂದು ಶೀರ್ಷಿಕೆ, ಪದ ಬರುವ ಜಾಗ, ಬಿಲ್ಲೆಗಳ ಜಾಗ, ‘ಮುಂದಿನ ಪದ’ ಎಂಬ ಗುಂಡಿ. ಬರೆದದ್ದು ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಸರಳ ಎಡಿಟರಿನಲ್ಲಿ. ಉಳಿಸಿ, ಬ್ರೌಸರಿನಲ್ಲಿ ತೆರೆದೆ. ಕನ್ನಡ ಇದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ.

ಉಳಿಸುವ ಕಿಟಕಿಯ ಕೆಳಗೆ ಎನ್‌ಕೋಡಿಂಗ್ ಎಂಬ ಒಂದು ಪಟ್ಟಿ ಇರುತ್ತದೆ, ಅಕ್ಷರಗಳನ್ನು ಯಾವ ಸಂಖ್ಯೆಗಳಾಗಿ ಉಳಿಸಬೇಕು ಎಂದು ಆರಿಸಲು. ಅದರಲ್ಲಿ ‘ಆನ್ಸಿ’ ಎಂದು ಇತ್ತು. ಆ ಎನ್‌ಕೋಡಿಂಗಿನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಪ್ರತಿ ಅಕ್ಷರದ ಬದಲು ಒಂದು ಪ್ರಶ್ನೆ ಚಿಹ್ನೆ ಕೂರುತ್ತದೆ. ಒಮ್ಮೆ ಹಾಗೆ ಉಳಿಸಿದ ಮೇಲೆ ಮೂಲ ಅಕ್ಷರ ವಾಪಸ್ ಬರುವುದಿಲ್ಲ. ಬರೆದಿದ್ದ ಹದಿನೈದು ಪದ ಹೋದವು, ಮತ್ತೆ ಬರೆದೆ. ಈ ಸಲ ಕನ್ನಡಕ್ಕೂ ಜಾಗ ಇರುವ ಯುಟಿಎಫ್-8 ಆರಿಸಿದೆ.

ಪ್ರಶ್ನೆ ಚಿಹ್ನೆ ಹೋಯಿತು. ಅದರ ಜಾಗದಲ್ಲಿ ತಲೆಯ ಮೇಲೆ ಗೆರೆ ಇರುವ ಲ್ಯಾಟಿನ್ ಅಕ್ಷರಗಳ ರಾಶಿ ಬಂತು. ಇದು ಬೇರೆ ತೊಂದರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಫೈಲ್ ಸರಿಯಾಗಿಯೇ ಇತ್ತು, ಆದರೆ ಅದು ಯುಟಿಎಫ್-8 ಎಂದು ಬ್ರೌಸರಿಗೆ ಯಾರೂ ಹೇಳಿರಲಿಲ್ಲ. ಅದು ಮೂರು ಬೈಟನ್ನು ಮೂರು ಬೇರೆ ಅಕ್ಷರ ಎಂದು ಓದಿತು. ಪುಟದ ತಲೆಭಾಗದಲ್ಲಿ ಎನ್‌ಕೋಡಿಂಗ್ ಯಾವುದೆಂದು ಹೇಳುವ ಮೆಟಾ ಚಾರ್‌ಸೆಟ್ ಸಾಲು ಸೇರಿಸಿದ ಕೂಡಲೇ ಎಲ್ಲ ಕನ್ನಡವಾಯಿತು. ಅದೇ ಕೈಯಲ್ಲಿ ಪುಟದ ಭಾಷೆ ‘ಕೆಎನ್’ ಎಂದೂ ಗುರುತು ಹಾಕಿದೆ. ಪುಟವನ್ನು ಓದಿ ಹೇಳುವ ತಂತ್ರಾಂಶಗಳಿಗೆ ಇದು ಬೇಕು.

ಹಾಗಾಗಿ ಎರಡು ಕಡೆ ಹೇಳಬೇಕು: ಉಳಿಸುವಾಗ ಒಮ್ಮೆ, ಪುಟದ ಒಳಗೆ ಇನ್ನೊಮ್ಮೆ. ಇದನ್ನು ನನ್ನ ಪುಸ್ತಕದ ಮೊದಲ ಹಾಳೆಯಲ್ಲೇ ಬರೆದುಕೊಂಡೆ.

ಎರಡನೇ ದಿನ: ಏಳು ತುಂಡಾದ ‘ಶಾಸ್ತ್ರ’

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನವಾಗಿ ಹೇಳುತ್ತೇನೆ.

ಬ್ರೌಸರಿನಲ್ಲಿ ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಅದರಲ್ಲಿ ಕನ್ಸೋಲ್ ಎಂಬ ಭಾಗವಿದೆ. ಅಲ್ಲಿ ಜಾವಾಸ್ಕ್ರಿಪ್ಟಿನ ಒಂದು ಸಾಲು ಬರೆದರೆ ಉತ್ತರ ತಕ್ಷಣ ಬರುತ್ತದೆ. ಅಲ್ಲಿ ಪದಗಳ ಉದ್ದ ಕೇಳುತ್ತಾ ಕೂತೆ. ‘ಕಮಲ’ಕ್ಕೆ 3. ಸರಿ. ‘ಮಗು’ವಿಗೆ 3. ನಮ್ಮ ಲೆಕ್ಕದಲ್ಲಿ ಎರಡು ಅಲ್ವಾ? ‘ಅಮ್ಮ’ನಿಗೆ 4. ‘ಶಾಸ್ತ್ರ’ಕ್ಕೆ 7. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6.

ಕಾರಣ ಯೂನಿಕೋಡ್ ಕನ್ನಡವನ್ನು ಜೋಡಿಸಿಟ್ಟ ರೀತಿ. ಯೂನಿಕೋಡ್ ಎಂದರೆ ಬೇರೆ ಬೇರೆ ಲಿಪಿಗಳ ಗುರುತುಗಳಿಗೆ ಒಂದೊಂದು ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ 128 ಜಾಗಗಳಿವೆ. ಸ್ವರಗಳಿಗೆ, ವ್ಯಂಜನಗಳಿಗೆ, ಇಳಿ, ಗುಡಿಸು, ಕೊಂಬು ಮುಂತಾದ ಗುರುತುಗಳಿಗೆ, ಅಂಕಿಗಳಿಗೆ ಬೇರೆ ಬೇರೆ ಜಾಗ. ಒತ್ತಕ್ಷರಗಳಿಗೆ ಜಾಗವೇ ಇಲ್ಲ. ‘ಸ್ತ’ ಬೇಕಾದರೆ ಸ, ಹಲಂತ, ತ ಎಂದು ಮೂರನ್ನು ಸಾಲಾಗಿ ಇಡಬೇಕು. ಅದನ್ನು ಒಂದರ ಕೆಳಗೆ ಒಂದು ಕೂರಿಸಿ ಚಿತ್ರ ಬಿಡಿಸುವುದು ಫಾಂಟಿನ ಕೆಲಸ.

ಇಲ್ಲಿ ಒಂದು ವಿಷಯ ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿತು. ನಾವು ವ್ಯಾಕರಣದಲ್ಲಿ ವರ್ಣ ವಿಭಜನೆ ಮಾಡುವಾಗ ‘ಕ್’ ಮೂಲ ಎನ್ನುತ್ತೇವೆ. ಅದಕ್ಕೆ ‘ಅ’ ಸೇರಿದರೆ ‘ಕ’. ಯೂನಿಕೋಡಿನಲ್ಲಿ ‘ಕ’ವೇ ಮೂಲ. ಅದಕ್ಕೆ ಹಲಂತ ಸೇರಿದರೆ ಒಳಗಿನ ‘ಅ’ ಹೋಗಿ ‘ಕ್’ ಆಗುತ್ತದೆ. ವ್ಯಾಕರಣ ಕೂಡಿಸುವ ಕಡೆ ಯೂನಿಕೋಡ್ ಕಳೆಯುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಇದು ಕಂಡ ಮೇಲೆ ಆ ಏಳು ತುಂಡುಗಳ ಬಗ್ಗೆ ನನಗಿದ್ದ ಬೇಸರ ಹೋಯಿತು. ಅವು ತಪ್ಪು ತುಂಡುಗಳಲ್ಲ, ಮಗುವಿಗೆ ಬೇಕಾದ ತುಂಡುಗಳಲ್ಲ ಅಷ್ಟೇ.

ಈಗಿನ ಬ್ರೌಸರುಗಳಲ್ಲಿ ಅಕ್ಷರಗಳನ್ನು ಗುಂಪು ಮಾಡಿ ಕೊಡುವ ‘ಇಂಟ್ಲ್ ಸೆಗ್ಮೆಂಟರ್’ ಎಂಬ ಸೌಲಭ್ಯ ಇದೆ. ಅದನ್ನು ಹಚ್ಚಿ ನೋಡಿದೆ. ಕೊಂಬು, ಇಳಿ ಎಲ್ಲ ತಮ್ಮ ವ್ಯಂಜನದ ಜೊತೆ ಕೂತವು. ಆದರೆ ನನ್ನ ಬ್ರೌಸರಿನಲ್ಲಿ ‘ಪುಸ್ತಕ’ ನಾಲ್ಕಾಗಿ ಬಂತು: ಪು, ಸ್, ತ, ಕ. ನೋಡಿ ಸುಮ್ನೆ ಕೂತುಬಿಟ್ಟೆ. ತರಗತಿಯಲ್ಲಿ ‘ಪುಸತಕ’ ಎಂದು ಓದಿದ ಹುಡುಗನೂ ಪದವನ್ನು ನಾಲ್ಕಾಗಿಯೇ ಒಡೆದಿದ್ದ. ಸ ಬೇರೆ, ತ ಬೇರೆ ಎಂದು ಕಂಡಾಗ ಆಗುವ ತಪ್ಪು ಅದು. ನನ್ನ ಸಾಧನ ಆ ತಪ್ಪನ್ನೇ ಕಲಿಸುವಂತಿರಬಾರದು.

ಆಮೇಲೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಕಲಿಯಲು ಕೂತೆ. ಅಂದರೆ ‘ಇಂಥ ನಮೂನೆ ಕಂಡರೆ ಹಿಡಿ’ ಎಂದು ಕಂಪ್ಯೂಟರಿಗೆ ಹೇಳುವ ಸಂಕ್ಷಿಪ್ತ ಭಾಷೆ. ಅದನ್ನು ಬರೆಯುವ ಮೊದಲು ಕಾಗದದ ಮೇಲೆ ಕನ್ನಡದಲ್ಲೇ ನಿಯಮ ಬರೆದೆ. ಒಂದು ಬಿಲ್ಲೆ ಸ್ವರದಿಂದ ಶುರುವಾಗಬಹುದು, ಅದರ ನಂತರ ಸೊನ್ನೆ ಅಥವಾ ವಿಸರ್ಗ ಬಂದರೆ ಅದೂ ಸೇರುತ್ತದೆ. ಅಥವಾ ವ್ಯಂಜನದಿಂದ ಶುರುವಾಗಬಹುದು. ವ್ಯಂಜನದ ನಂತರ ಹಲಂತ, ಅದರ ನಂತರ ಇನ್ನೊಂದು ವ್ಯಂಜನ ಬಂದರೆ ಎಲ್ಲವೂ ಅದೇ ಬಿಲ್ಲೆ. ಇದು ಎಷ್ಟು ಸಲ ಬೇಕಾದರೂ ಆಗಬಹುದು. ಕೊನೆಯಲ್ಲಿ ಸ್ವರದ ಗುರುತು ಬರಬಹುದು, ಇಲ್ಲವೇ ಬರೀ ಹಲಂತ ಉಳಿಯಬಹುದು. ಆಮೇಲೆ ಸೊನ್ನೆ ಅಥವಾ ವಿಸರ್ಗ.

ಈ ನಾಲ್ಕೈದು ವಾಕ್ಯ ಬರೆಯಲು ಒಂದು ಗಂಟೆ ಬೇಕಾಯಿತು. ಅದನ್ನು ಕೋಡಿಗೆ ಇಳಿಸಲು ಹತ್ತು ನಿಮಿಷ ಸಾಕಾಯಿತು. ‘ಶಾಸ್ತ್ರ’ ಎರಡೇ ಬಿಲ್ಲೆಯಾಯಿತು: ಶಾ, ಸ್ತ್ರ. ‘ಕಂಪ್ಯೂಟರ್’ ಒಂಬತ್ತು ಸಂಕೇತಗಳಿಂದ ನಾಲ್ಕಕ್ಕೆ ಇಳಿಯಿತು: ಕಂ, ಪ್ಯೂ, ಟ, ರ್. ‘ಸೂರ್ಯ’ದ ಬಗ್ಗೆ ಭಯ ಇತ್ತು, ಯಾಕೆಂದರೆ ಅರ್ಕಾವತ್ತನ್ನು ನಾವು ಅಕ್ಷರದ ಬಲಕ್ಕೆ ಬರೆಯುತ್ತೇವೆ, ಯೂನಿಕೋಡಿನಲ್ಲಿ ರ ಮೊದಲು ಬರುತ್ತದೆ. ಆದರೆ ‘ರ್ಯ’ ಇಡಿಯಾಗಿ ಒಂದೇ ಬಿಲ್ಲೆ ಆದ್ದರಿಂದ ಒಳಗಿನ ಕ್ರಮ ಮಗುವಿಗೆ ಕಾಣುವುದೇ ಇಲ್ಲ.

ತರಬೇತಿಯಲ್ಲಿ ‘ಟಿಪ್ಯಾಕ್’ ಎಂಬ ಚೌಕಟ್ಟು ಓದಿದ್ದೆವು. ವಿಷಯದ ತಿಳಿವು, ಕಲಿಸುವ ತಿಳಿವು, ತಂತ್ರಜ್ಞಾನದ ತಿಳಿವು ಒಂದರ ಮೇಲೊಂದು ಬೀಳುವ ಮೂರು ವೃತ್ತಗಳು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಬರೆದ ಲೇಖನದಲ್ಲಿ ಅದು ಬರುತ್ತದೆ. ಪರೀಕ್ಷೆಗೆ ಆ ಚಿತ್ರ ಬಿಡಿಸಿದ್ದೆ. ಅವತ್ತು ಸಂಜೆ ಆ ಕಾಗದದ ಮೇಲಿನ ನಿಯಮ ನೋಡಿದಾಗ ಮಾತ್ರ ಮೂರೂ ಎಲ್ಲಿ ಕೂಡುತ್ತವೆ ಎಂದು ಕಂಡಿತು. ಕಾಗುಣಿತ ಗೊತ್ತಿಲ್ಲದಿದ್ದರೆ ನಿಯಮ ಬರೆಯಲಾಗುತ್ತಿರಲಿಲ್ಲ. ಮಕ್ಕಳ ತಪ್ಪು ನೋಡಿರದಿದ್ದರೆ ನಾಲ್ಕು ಬಿಲ್ಲೆಯ ‘ಪುಸ್ತಕ’ವೇ ಸಾಕು ಎಂದು ಮುಂದೆ ಹೋಗುತ್ತಿದ್ದೆ.

ಮೂರನೇ ದಿನ: ಪದಪಟ್ಟಿ ಮತ್ತು ಕಾಣದ ಅಕ್ಷರಗಳು

ಪಾಠದ ಪದಗಳ ಒಂದು ಹಳೆಯ ಪಟ್ಟಿ ಸಿಕ್ಕಿತು. ಅದು ಹಳೇ ಆಸ್ಕಿ ಫಾಂಟಿನಲ್ಲಿ ಇತ್ತು. ಅಂಥ ಫೈಲಿನಲ್ಲಿ ಕಾಣುವುದು ಕನ್ನಡ, ಒಳಗೆ ಇರುವುದು ಲ್ಯಾಟಿನ್ ಸಂಕೇತ. ಫಾಂಟ್ ಬದಲಾದರೆ ಕನ್ನಡ ಹೋಗುತ್ತದೆ. ನನ್ನ ಪುಟಕ್ಕೆ ಅಂಟಿಸಿದಾಗ ಹಾಗೇ ಆಯಿತು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಒಂದೊಂದು ಪದವನ್ನೂ ಕಣ್ಣಿಂದ ನೋಡಿದೆ. ಎಲ್ಲ ಸರಿ ಇತ್ತು.

ಆದರೆ ‘ಕೋಟೆ’ ಪದದ ಧ್ವನಿ ಮಾತ್ರ ಬರುತ್ತಿರಲಿಲ್ಲ. ಪ್ರತಿ ಪದಕ್ಕೂ ಅದರ ಧ್ವನಿ ಫೈಲ್ ಯಾವುದು ಎಂದು ಒಂದು ಪಟ್ಟಿ ಮಾಡಿದ್ದೆ. ಆ ಪಟ್ಟಿಯಲ್ಲೂ ‘ಕೋಟೆ’ ಇತ್ತು. ಎರಡನ್ನೂ ಕನ್ಸೋಲಿನಲ್ಲಿ ಪಕ್ಕಪಕ್ಕ ಇಟ್ಟು ಸಮವೇ ಎಂದು ಕೇಳಿದೆ. ಅಲ್ಲ ಎಂದಿತು. ಉದ್ದ ಕೇಳಿದೆ. ನಾನು ಟೈಪ್ ಮಾಡಿದ್ದಕ್ಕೆ 4, ಪರಿವರ್ತಕದಿಂದ ಬಂದದ್ದಕ್ಕೆ 5.

ಓತ್ವ ಎರಡು ರೀತಿಯಲ್ಲಿ ಬರಬಹುದು. ಒಂದೇ ಸಂಕೇತವಾಗಿ, ಇಲ್ಲವೇ ಒತ್ವದ ಪಕ್ಕ ದೀರ್ಘದ ಗುರುತು ಬೇರೆಯಾಗಿ. ಕಣ್ಣಿಗೆ ಎರಡೂ ಒಂದೇ. ಇದಕ್ಕೆ ಜಾವಾಸ್ಕ್ರಿಪ್ಟಿನಲ್ಲೇ ಮದ್ದು ಇದೆ. ‘ನಾರ್ಮಲೈಸ್’ ಎಂಬ ಆದೇಶ ಕೊಟ್ಟರೆ ಬಿಡಿ ಗುರುತುಗಳು ಕೂಡಿ ಒಂದಾಗುತ್ತವೆ. ಈಗ ಪುಟಕ್ಕೆ ಬರುವ ಪ್ರತಿ ಪದವೂ ಮೊದಲು ಆ ಬಾಗಿಲು ದಾಟಿಯೇ ಒಳಗೆ ಬರುತ್ತದೆ. ಕನ್ನಡದಲ್ಲಿ ಏನಾದರೂ ಹುಡುಕುವ, ಹೋಲಿಸುವ ಪುಟ ಮಾಡುವವರು ಇದನ್ನು ಮೊದಲ ದಿನವೇ ಹಾಕಿಕೊಳ್ಳಿ. ಕಣ್ಣಿಗೆ ಕಾಣದ ವ್ಯತ್ಯಾಸ ಹುಡುಕುವುದು ಬಹಳ ಸುಸ್ತಿನ ಕೆಲಸ.

ಕಾಣದ ಇನ್ನೂ ಎರಡು ಸಂಕೇತಗಳಿವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಆದಮೇಲೆ ವೇ ಅದರ ಕೆಳಗೆ ಇಳಿಯದಂತೆ ನಡುವೆ ಒಂದು ಶೂನ್ಯ ಅಗಲದ ತಡೆ ಇಡುತ್ತೇವೆ. ‘ರ‍್ಯಾಂಕ್’ ಎಂದು ಬರೆಯಲು ಶೂನ್ಯ ಅಗಲದ ಬೆಸುಗೆ ಇಡುತ್ತೇವೆ. ಇವೆರಡೂ ನನ್ನ ನಿಯಮದಲ್ಲಿ ಇರಲಿಲ್ಲ. ‘ಸಾಫ್ಟ್‌ವೇರ್’ ಹಾಕಿದಾಗ ಮಧ್ಯೆ ಒಂದು ಖಾಲಿ ಬಿಲ್ಲೆ ಬಂತು. ತಡೆಯನ್ನು ಹಿಂದಿನ ಬಿಲ್ಲೆಗೆ ಅಂಟಿಸುವಂತೆ, ಬೆಸುಗೆಯನ್ನು ಒತ್ತಕ್ಷರದ ಒಳಗೇ ಬಿಡುವಂತೆ ನಿಯಮ ತಿದ್ದಿದೆ. ಮೂರನೇ ತರಗತಿಯ ಪಟ್ಟಿಯಲ್ಲಿ ಆ ಪದಗಳು ಇಲ್ಲ. ಆದರೂ ಬೇರೆ ತರಗತಿಯವರು ತಮ್ಮ ಪದ ಹಾಕಿದಾಗ ಕೈಕೊಡಬಾರದಲ್ಲ.

ನಾಲ್ಕನೇ ದಿನ: ಪುಟ ಸ್ತಬ್ಧವಾಯಿತು

ಬಿಲ್ಲೆಗಳನ್ನು ಅದಲುಬದಲು ಮಾಡಲು ಫಿಶರ್–ಯೇಟ್ಸ್ ಎಂಬ ವಿಧಾನ ಬಳಸಿದೆ. ಕೊನೆಯ ಬಿಲ್ಲೆಯಿಂದ ಶುರು ಮಾಡಿ, ಅದನ್ನು ತನ್ನ ಸ್ಥಾನದವರೆಗಿನ ಯಾವುದಾದರೂ ಒಂದರ ಜೊತೆ ಬದಲಿಸುತ್ತಾ ಹಿಂದಕ್ಕೆ ಬರುವುದು. ಚಿಕ್ಕದು, ಯಾವ ಕ್ರಮಕ್ಕೂ ಪಕ್ಷಪಾತ ಮಾಡುವುದಿಲ್ಲ. ಆದರೆ ಪಕ್ಷಪಾತ ಇಲ್ಲ ಎಂದರೆ ಮೂಲ ಕ್ರಮವೂ ಬರಬಹುದು. ಎರಡು ಬಿಲ್ಲೆಯ ‘ಅಮ್ಮ’ ಸರಾಸರಿ ಎರಡಕ್ಕೆ ಒಂದು ಸಲ ಸರಿಯಾಗಿಯೇ ಬಂದುಬಿಡುತ್ತದೆ. ಹಾಗಾಗಿ ‘ಮೂಲ ಕ್ರಮವೇ ಬಂದರೆ ಮತ್ತೆ ಕಲಸು’ ಎಂದು ಸೇರಿಸಿದೆ.

ಮರುದಿನ ಪಟ್ಟಿ ಪರೀಕ್ಷಿಸುವಾಗ ಒಂದು ಪದಕ್ಕೆ ಬಂದು ಪುಟ ನಿಂತೇ ಹೋಯಿತು. ಗುಂಡಿ ಕೆಲಸ ಮಾಡಲಿಲ್ಲ, ಟ್ಯಾಬ್ ಮುಚ್ಚಲೂ ತಡವಾಯಿತು. ಆ ಪದ ‘ಸ್ತ್ರೀ’. ಒಂದೇ ಬಿಲ್ಲೆ. ಎಷ್ಟು ಕಲಸಿದರೂ ಅದೇ ಕ್ರಮ. ಪಾಪ, ಕಂಪ್ಯೂಟರ್ ಕಲಸುತ್ತಲೇ ಇತ್ತು. ಎಲ್ಲ ಬಿಲ್ಲೆಯೂ ಒಂದೇ ಇರುವ ಪದ ಬಂದರೂ ಹೀಗೇ ಆಗುತ್ತದೆ. ಕನಿಷ್ಠ ಎರಡು ಬೇರೆ ಬೇರೆ ಬಿಲ್ಲೆ ಇದ್ದರೆ ಮಾತ್ರ ಕಲಸು ಎಂದು ಷರತ್ತು ಹಾಕಿದೆ.

ಬಿಲ್ಲೆ ಎಳೆದು ಬಿಡುವ ರೀತಿ ಬೇಕು ಎಂದು ಮೊದಲು ಆಸೆ ಇತ್ತು. ಕಂಪ್ಯೂಟರಿನಲ್ಲಿ ಮೌಸ್‌ಗೆ ಚೆನ್ನಾಗಿ ಬಂತು. ಮೊಬೈಲಿನಲ್ಲಿ ಬೆರಳಿಗೆ ಬರಲಿಲ್ಲ, ಎಳೆದರೆ ಪುಟವೇ ಸರಿಯುತ್ತಿತ್ತು. ಇದನ್ನು ಸರಿಮಾಡುವ ದಾರಿಗಳಿವೆ, ಆದರೆ ನಾನು ಎಳೆಯುವುದನ್ನೇ ಬಿಟ್ಟೆ. ಮುಟ್ಟಿದರೆ ಸಾಕು, ಬಿಲ್ಲೆ ಮೇಲಿನ ಸಾಲಿಗೆ ಹೋಗುತ್ತದೆ. ಚಿಕ್ಕ ಕೈಗಳಿಗೆ ಇದೇ ಒಳ್ಳೆಯದು. ಬಿಲ್ಲೆಯನ್ನು ಎಚ್‌ಟಿಎಂಎಲ್‌ನ ‘ಬಟನ್’ ಆಗಿಯೇ ಮಾಡಿದೆ. ಹಾಗೆ ಮಾಡಿದರೆ ಕೀಬೋರ್ಡಿನ ಟ್ಯಾಬ್ ಮತ್ತು ಎಂಟರ್ ಒತ್ತಿಯೂ ಆಡಬಹುದು, ಅದಕ್ಕೆ ಬೇರೆ ಕೋಡ್ ಬೇಡ.

ನೋಟಕ್ಕೆ ಸಂಬಂಧಿಸಿದ್ದು ಮೂರು ಮಾತು. ಪುಟದ ಅಗಲ ಪರದೆಯಷ್ಟೇ ಇರಲಿ ಎನ್ನುವ ವ್ಯೂಪೋರ್ಟ್ ಸಾಲು ಹಾಕದಿದ್ದರೆ ಮೊಬೈಲಿನಲ್ಲಿ ಎಲ್ಲವೂ ಇರುವೆ ಗಾತ್ರಕ್ಕೆ ಬರುತ್ತದೆ. ಫಾಂಟ್ ನೋಟೋ ಸಾನ್ಸ್ ಕನ್ನಡ. ಅದು ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ, ಆದ್ದರಿಂದ ಫೈಲನ್ನೇ ಫೋಲ್ಡರಿನಲ್ಲಿ ಇಟ್ಟೆ. ಇನ್ನು ಗಾತ್ರ. ಮೊದಲು ಚಿಕ್ಕದಾಗಿ ಇಟ್ಟಾಗ ‘ದ’ ಮತ್ತು ‘ಧ’ ಒಂದೇ ಥರ ಕಂಡವು, ಮಹಾಪ್ರಾಣದ ಸೀಳು ಮಾಯವಾಗಿತ್ತು. 40 ಪಿಕ್ಸೆಲ್‌ಗೆ ಏರಿಸಿದೆ. ಆಗ ‘ಸ್ತ್ರ’ದ ಕೆಳಗಿನ ಒತ್ತು ಬಿಲ್ಲೆಯ ಅಂಚಿಗೆ ತಾಗಿ ಕತ್ತರಿಸಿ ಹೋಯಿತು. ಸಾಲಿನ ಎತ್ತರವನ್ನು 1.2ರಿಂದ 1.8ಕ್ಕೆ ಏರಿಸಿದ ಮೇಲೆ ಸರಿಹೋಯಿತು. ಒತ್ತು ಕಲಿಸುವ ಪುಟದಲ್ಲಿ ಒತ್ತೇ ಕಾಣದಿದ್ದರೆ ಹೇಗೆ?

ಧ್ವನಿಗೆ ಬ್ರೌಸರಿನ ಮಾತಾಡುವ ಸೌಲಭ್ಯವನ್ನೇ ನಂಬಿದ್ದೆ. ಸಾಧನದಲ್ಲಿ ಕನ್ನಡದ ಧ್ವನಿ ಇದ್ದರೆ ಅದು ಮಾತಾಡುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಮೊಬೈಲಿನಲ್ಲಿ ಇತ್ತು, ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಒಂದು ಸಂಜೆ ಕಿಟಕಿ ಬಾಗಿಲು ಹಾಕಿಕೊಂಡು 40 ಪದಗಳನ್ನು ನಾನೇ ಓದಿ ಧ್ವನಿಮುದ್ರಿಸಿದೆ. ಇದೇ ಹೆಚ್ಚು ಚೆನ್ನಾಗಿದೆ ಎಂದು ಈಗ ಅನ್ನಿಸುತ್ತದೆ. ಮಕ್ಕಳಿಗೆ ಗೊತ್ತಿರುವ ಧ್ವನಿ. ಪದ ಬಂದ ಕೂಡಲೇ ತಾನಾಗಿ ಕೇಳಿಸುವಂತೆ ಮಾಡಿದ್ದೆ, ಬ್ರೌಸರ್ ಬಿಡಲಿಲ್ಲ. ಬಳಸುವವರು ಪುಟವನ್ನು ಒಮ್ಮೆಯಾದರೂ ಮುಟ್ಟುವವರೆಗೆ ಅದು ಶಬ್ದ ತಡೆಯುತ್ತದೆ. ಅದಕ್ಕೆ ‘ಕೇಳು’ ಎಂಬ ದೊಡ್ಡ ಗುಂಡಿ ಬಂತು.

ತರಗತಿಯಲ್ಲಿ, ಮೊದಲ ಸಲ

ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ತರಗತಿಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಮೊದಲೇ ಗೊತ್ತಿತ್ತು. ಪುಟದ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ, ತೆರೆಯಿತು. ಶೀರ್ಷಿಕೆ ಇದೆ, ಗುಂಡಿ ಇದೆ, ಒಂದೂ ಪದ ಇಲ್ಲ.

ಪದಪಟ್ಟಿಯನ್ನು ಜೇಸನ್ ಎಂಬ ಬರೀ ಮಾಹಿತಿಯ ಫೈಲಿನಲ್ಲಿ ಇಟ್ಟು ‘ಫೆಚ್’ ಆದೇಶದಿಂದ ತರಿಸುತ್ತಿದ್ದೆ. ಮನೆಯಲ್ಲಿ ನನ್ನ ಕಂಪ್ಯೂಟರಿನಲ್ಲೇ ನಡೆಯುವ ಪುಟ್ಟ ಸರ್ವರಿನ ಮೂಲಕ ನೋಡುತ್ತಿದ್ದೆ, ಅಲ್ಲಿ ನಡೆಯಿತು. ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಪಕ್ಕದ ಫೈಲನ್ನು ಹಾಗೆ ಓದಲು ಬ್ರೌಸರ್ ಅನುಮತಿ ಕೊಡುವುದಿಲ್ಲ. ಅದು ಸುರಕ್ಷತೆಗಾಗಿ ಇರುವ ನಿಯಮ. ಪುಣ್ಯಕ್ಕೆ ಮಾರ್ಗದರ್ಶಕ ಮೇಡಂ ಗಾಬರಿಯಾಗಲಿಲ್ಲ. “ನೀವು ಅದನ್ನು ನೋಡ್ತಾ ಇರಿ, ನಾನು ಕಥೆ ಓದ್ತೀನಿ” ಎಂದರು. ಹತ್ತು ನಿಮಿಷದಲ್ಲಿ ಪದಪಟ್ಟಿಯನ್ನು ಒಂದು ಜಾವಾಸ್ಕ್ರಿಪ್ಟ್ ಫೈಲ್ ಮಾಡಿ, ಪುಟದಲ್ಲಿ ಸ್ಕ್ರಿಪ್ಟ್ ಆಗಿ ಸೇರಿಸಿದೆ. ಸ್ಕ್ರಿಪ್ಟ್ ಸೇರಿಸಲು ಆ ತಡೆ ಇಲ್ಲ. ಪದಗಳು ಬಂದವು. ಅವತ್ತಿನಿಂದ ಏನೇ ತಿದ್ದಿದರೂ ಪೆನ್‌ಡ್ರೈವಿನಿಂದಲೇ ಒಮ್ಮೆ ತೆರೆದು ನೋಡುತ್ತೇನೆ.

ಮಕ್ಕಳು ಇಬ್ಬಿಬ್ಬರಾಗಿ ಕೂತರು. ಒಬ್ಬರು ಹೇಳಬೇಕು, ಇನ್ನೊಬ್ಬರು ಮುಟ್ಟಬೇಕು. ಸ್ವಲ್ಪ ಹೊತ್ತಿಗೆ ಒಂದು ಜೋಡಿಯಿಂದ ಕೂಗು ಬಂತು.

“ಟೀಚರ್, ಇದು ತಪ್ಪು ಅಂತಿದೆ!”

ಪದ ‘ಗಲಗಲ’. ಆ ಜೋಡಿಯ ಹುಡುಗಿ ಮುಟ್ಟಿದ್ದು ಸರಿಯಾಗಿಯೇ ಇತ್ತು. ಗ, ಲ, ಗ, ಲ. ಆದರೂ ಪುಟ ತಪ್ಪು ಎಂದಿತ್ತು.

“ಇದೂ ಗ, ಅದೂ ಗ ತಾನೇ? ಯಾವ ಗ ಆದ್ರೆ ಏನು?”

ಅವಳ ಮಾತು ಪೂರ್ತಿ ಸರಿ. ನಾನು ಬಿಲ್ಲೆಯ ಕ್ರಮಸಂಖ್ಯೆ ಹೋಲಿಸುತ್ತಿದ್ದೆ. ಒಂದನೇ ಗ ಮೊದಲು ಬರಬೇಕು, ಮೂರನೇ ಗ ಆಮೇಲೆ. ಅವಳು ಮೂರನೆಯದನ್ನು ಮೊದಲು ಮುಟ್ಟಿದ್ದಳು. ಅಕ್ಷರ ಹೋಲಿಸುವಂತೆ ಅಲ್ಲೇ ತಿದ್ದಿ, ಅವಳಿಗೇ ಮೊದಲು ಆಡಲು ಕೊಟ್ಟೆ. ಎಷ್ಟು ಸಲ ಪರೀಕ್ಷೆ ಮಾಡಿದ್ದರೂ ಈ ತಪ್ಪು ನನಗೆ ಸಿಗುತ್ತಿರಲಿಲ್ಲ. ನಾನು ಯಾವಾಗಲೂ ಎಡಗಡೆಯ ಗ ಮುಟ್ಟುತ್ತಿದ್ದೆ, ಅದು ಹೇಗೋ ಸರಿಯಾಗಿ ಬಂದುಬಿಡುತ್ತಿತ್ತು.

ಇನ್ನೊಂದು ಸಂಗತಿ ಕೋಡಿನದಲ್ಲ. ತಪ್ಪಾದರೆ ಬಿಲ್ಲೆ ಕೆಂಪಾಗಿ ಗಡಗಡ ನಡುಗುವಂತೆ ಮಾಡಿದ್ದೆ. ಅನಿಮೇಷನ್ ಕಲಿತ ಖುಷಿಯಲ್ಲಿ ಹಾಕಿದ್ದು. ಮಕ್ಕಳಿಗೆ ಅದು ಎಷ್ಟು ಇಷ್ಟವಾಯಿತು ಎಂದರೆ ಬೇಕೆಂದೇ ತಪ್ಪು ಬಿಲ್ಲೆ ಮುಟ್ಟತೊಡಗಿದರು. ಪದ ಕೇಳುವುದೇ ನಿಂತಿತು. ಆ ರಾತ್ರಿ ನಡುಕವನ್ನು ತೆಗೆದೆ. ಈಗ ತಪ್ಪಾದರೆ ಬಿಲ್ಲೆ ಸದ್ದಿಲ್ಲದೆ ತನ್ನ ಜಾಗಕ್ಕೆ ಮರಳುತ್ತದೆ, ಪದ ಇನ್ನೊಮ್ಮೆ ಕೇಳಿಸುತ್ತದೆ. ಸರಿಯಾದಾಗ ಇಡೀ ಪದ ದೊಡ್ಡದಾಗಿ ಕೂಡಿಕೊಳ್ಳುತ್ತದೆ. ನೋಡುವ ಸಂತೋಷ ಸರಿಯುತ್ತರದ ಕಡೆ ಇರಬೇಕು.

ಮೇಡಂ ಒಂದು ಮಾತು ಹೇಳಿದರು. “ನೀವು ಅ, ಮ್ಮ ಅಂತ ಒಡೆದಿದ್ದೀರಿ. ಚಪ್ಪಾಳೆ ತಟ್ಟಿ ಹೇಳಿ ಅಂದರೆ ಮಕ್ಕಳು ಅಮ್, ಮ ಅಂತಾರೆ. ಗಮನಿಸಿದ್ದೀರಾ?” ಗಮನಿಸಿರಲಿಲ್ಲ. ಕಿವಿ ಒಡೆಯುವ ಜಾಗ ಬೇರೆ, ಬರಹ ಒಡೆಯುವ ಜಾಗ ಬೇರೆ. ಕೆಲವು ಮಕ್ಕಳು ‘ಮ್ಮ’ ಬಿಲ್ಲೆಯ ಮುಂದೆ ತಡೆದು ನಿಲ್ಲುತ್ತಿದ್ದುದು ಬಹುಶಃ ಇದಕ್ಕೇ. ಪುಟ ಬರಹದ ಅಕ್ಷರವನ್ನೇ ತೋರಿಸಲಿ ಎಂದು ಹಾಗೇ ಬಿಟ್ಟೆ, ಯಾಕೆಂದರೆ ಇದು ಓದಿನ ಪಾಠ. ಆದರೆ ಧ್ವನಿಗಳನ್ನು ಮತ್ತೆ ಮುದ್ರಿಸಿದೆ. ಈ ಸಲ ಪ್ರತಿ ಪದವನ್ನೂ ಮೊದಲು ಇಡಿಯಾಗಿ, ಆಮೇಲೆ ಬಿಲ್ಲೆಬಿಲ್ಲೆಯಾಗಿ ಓದಿದೆ. ಇದಕ್ಕೆ ಎರಡು ಸಂಜೆ ಹೋಯಿತು.

ಎರಡನೇ ಸಲ

ಒಂದು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ‘ಒಡೆದು ನೋಡು’ ಎಂಬ ಹೊಸ ಗುಂಡಿ ಇತ್ತು. ಒತ್ತಕ್ಷರದ ಬಿಲ್ಲೆ ಮೇಲೆ ಅದನ್ನು ಒತ್ತಿದರೆ ‘ಸ್ತ್ರ’ ಬಿಚ್ಚಿಕೊಂಡು ಸ್, ತ್, ರ ಎಂದು ಪಕ್ಕಪಕ್ಕ ನಿಲ್ಲುತ್ತದೆ, ಮತ್ತೆ ಒತ್ತಿದರೆ ಕೂಡಿಕೊಳ್ಳುತ್ತದೆ. ಮೊದಲ ವಾರ ನನಗೆ ಬೇಡವಾಗಿದ್ದ ಆ ತುಂಡುಗಳೇ ಇಲ್ಲಿ ಕೆಲಸಕ್ಕೆ ಬಂದವು. ‘ಪುಸತಕ’ ಎಂದು ಓದುತ್ತಿದ್ದ ಹುಡುಗ ‘ಸ್ತ’ವನ್ನು ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚಿ ಸುಮಾರು ಹೊತ್ತು ನೋಡುತ್ತಿದ್ದ. ಕೊನೆಗೆ ಪಕ್ಕದವನಿಗೆ “ಇದು ಸ ಅಲ್ಲ, ಸ್. ತ ಹಿಡ್ಕೊಂಡಿದೆ” ಎಂದ.

ಆಮೇಲೆ ಎಲ್ಲರಿಗೂ ತಮ್ಮ ಹೆಸರು ಬಿಲ್ಲೆಯಾಗಿ ಬರಬೇಕು ಎಂದಾಯಿತು. ಪದಪಟ್ಟಿಯಲ್ಲಿ ಮಕ್ಕಳ ಹೆಸರು ಬರೆಯುವುದು ನನಗೆ ಇಷ್ಟವಿರಲಿಲ್ಲ, ಆ ಫೈಲ್ ಬೇರೆಯವರ ಕೈಗೂ ಹೋಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಪುಟಕ್ಕೆ ಒಂದು ಖಾಲಿ ಪೆಟ್ಟಿಗೆ ಸೇರಿಸಿದೆ. ಅದರಲ್ಲಿ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಪುಟ ಮುಚ್ಚಿದರೆ ಹೋಯಿತು. ಮಕ್ಕಳು ಸಾಲಾಗಿ ಬಂದು ಹೆಸರು ಹೇಳಿದರು, ನಾನು ಟೈಪ್ ಮಾಡಿದೆ.

ಒಬ್ಬ ಹುಡುಗ ತನ್ನ ಪುಸ್ತಕದ ಮೇಲಿನ ಚೀಟಿ ತೋರಿಸಿದ. ಅವನ ಹೆಸರಿನಲ್ಲಿ ‘ಫ’ದ ಕೆಳಗೆ ಎರಡು ಚುಕ್ಕೆ ಇತ್ತು. ಹಾಗೇ ಬರೆಯಬೇಕು ಎಂದ. ಬರೆದೆ. ಬಿಲ್ಲೆಗಳು ಬಂದಾಗ ಆ ಎರಡು ಚುಕ್ಕೆ ಮಾತ್ರ ಬೇರೆ ಬಿಲ್ಲೆಯಲ್ಲಿ, ಆ ಚುಕ್ಕೆಚುಕ್ಕೆಯ ವೃತ್ತದ ಕೆಳಗೆ ಇತ್ತು. ಅವನು ಅದನ್ನು ನೋಡಿ ನನ್ನ ಮುಖ ನೋಡಿದ.

ಅದು ನುಕ್ತ, ಬೇರೆ ಭಾಷೆಯ ಉಚ್ಚಾರ ತೋರಿಸಲು ಅಕ್ಷರದ ಕೆಳಗೆ ಇಡುವ ಗುರುತು. ಯೂನಿಕೋಡಿನಲ್ಲಿ ಅದಕ್ಕೆ ತನ್ನದೇ ಜಾಗ ಇದೆ, ವ್ಯಂಜನದ ನಂತರ ಬರುತ್ತದೆ. ನನ್ನ ನಿಯಮದಲ್ಲಿ ಅದು ಇರಲಿಲ್ಲ. ನಾಳೆ ಸರಿಯಾಗಿ ಬರುತ್ತೆ ಅಂತ ಅವನಿಗೆ ಮಾತು ಕೊಟ್ಟೆ. ಮನೆಗೆ ಬಂದು ಕಾಗದದ ಮೇಲಿನ ನಿಯಮದಲ್ಲಿ ‘ವ್ಯಂಜನ’ ಎಂದು ಇದ್ದ ಕಡೆಯೆಲ್ಲ ‘ವ್ಯಂಜನ, ಅದರ ಕೆಳಗೆ ಚುಕ್ಕೆ ಇದ್ದರೆ ಅದೂ’ ಎಂದು ತಿದ್ದಿದೆ. ಆಮೇಲೆ ಕೋಡಿನಲ್ಲಿ ಎರಡು ಕಡೆ ಒಂದೊಂದು ಸಂಕೇತ ಸೇರಿಸಿದೆ. ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದಲೇ ತೆರೆದು, ಅವನ ಹೆಸರು ಬರೆದು ನೋಡಿದೆ.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಅವನು ಲ್ಯಾಪ್‌ಟಾಪಿನ ಹತ್ತಿರ ನಿಂತಿದ್ದ. ಎರಡು ಬಿಲ್ಲೆ ಬಂದವು. ಚುಕ್ಕೆಗಳು ಫದ ಕೆಳಗೇ ಇದ್ದವು. ಅವನು ಎರಡನ್ನೂ ಮುಟ್ಟಿ, ಹೆಸರು ಕೂಡಿಕೊಂಡದ್ದನ್ನು ನೋಡಿ, “ಇನ್ನೊಂದ್ಸಲ ಕಲಸಿ ಟೀಚರ್” ಎಂದ.